ಹೆದರಿಕೆ ಇದ್ದವರ ಒಲೆ

ಖಾನಾವಳಿ ಅಕ್ಕನ ಬಲಗೈ ಬೆವರುತ್ತಿರಲಿಲ್ಲ. ಏಪ್ರಿಲ್ ತಿಂಗಳ ಹೊನ್ನಾವರದ ಸೆಕೆಯಲ್ಲಿ ಸೌದೆ ಒಲೆಯ ಮುಂದೆ ಕೂತು ಬಂಗಡೆ ಹುರಿಯುವಾಗ ಹಣೆ, ಕುತ್ತಿಗೆ, ಎಡಗೈಯಿಂದೆಲ್ಲ ನೀರಿಳಿಯುತ್ತಿದ್ದರೂ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಒಣಗಿಯೇ ಇರುತ್ತಿತ್ತು. ಅಲ್ಲಿಯ ಚರ್ಮ ಆರಿದ ಹಾಲಿನ ಕೆನೆಯ ಹಾಗೆ ನುಣ್ಣಗೆ, ಅಲ್ಲಲ್ಲಿ ಸುಕ್ಕುಗಟ್ಟಿ, ಒಂದು ಕೂದಲೂ ಇಲ್ಲದೆ ಹೊಳೆಯುತ್ತಿತ್ತು. ಬಡಿಸಲು ಬಗ್ಗಿದಾಗ ಆ ಕೈ ನಮ್ಮ ತಟ್ಟೆಯ ಮೇಲೆ ಬರುತ್ತಿತ್ತು. ಹೊಸದಾಗಿ ಊಟಕ್ಕೆ ಬಂದವರು ಒಮ್ಮೆ ನೋಡಿ ಕಣ್ಣು ತಪ್ಪಿಸುತ್ತಿದ್ದರು. ಅಕ್ಕ ಅದನ್ನು ಕಂಡೂ ಸೆರಗು ಎಳೆದುಕೊಳ್ಳದೆ, "ಅನ್ನ ಹಾಕ್ಲಾ?" ಎಂದಷ್ಟೇ ಕೇಳುತ್ತಿದ್ದರು.

ಅವರ ಖಾನಾವಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಮುಂದೆ ಉದ್ದನೆಯ ಬೆಂಚುಗಳ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ಬಾವಿ ಮತ್ತು ಸಣ್ಣ ಹಿತ್ತಲು. ಡ್ರೈವರ್ ಕಂಡಕ್ಟರುಗಳು, ಕೋರ್ಟಿಗೆ ಬಂದವರು, ರೂಮು ಮಾಡಿಕೊಂಡಿದ್ದ ಕಾಲೇಜು ಹುಡುಗರು ಅಲ್ಲಿ ಉಣ್ಣುತ್ತಿದ್ದರು. ನನ್ನ ಜೊತೆ ಬಿ.ಎಸ್ಸಿ. ಓದುತ್ತಿದ್ದ ಗಣಪತಿ ಕುಮಟೆ ಕಡೆಯ ಹಿರೇಗುತ್ತಿಯವನು. ಹೊನ್ನಾವರದಲ್ಲಿ ರೂಮು ಮಾಡಿಕೊಂಡು ಎರಡು ಹೊತ್ತೂ ಅಲ್ಲೇ ಊಟ ಮಾಡುತ್ತಿದ್ದ. ನಾನು ಮಂಕಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಒಂದು ದಿನ ಮನೆಯ ಡಬ್ಬಿ ಬಸ್ಸಿನಲ್ಲೇ ಮರೆತು ಹೋದಾಗ ಅವನು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಗಂಡಸರೇ ತುಂಬಿದ ಬೆಂಚು ನೋಡಿ ನಾನು ಬಾಗಿಲಲ್ಲೇ ನಿಂತೆ. ಅಕ್ಕ ಏನೂ ಕೇಳದೆ ಒಳಗೆ ಕರೆದು, ಅಡುಗೆಮನೆಯ ಗೋಡೆಗೆ ತಾಗಿದ್ದ ಒಂದು ಸಣ್ಣ ಮಣೆಯ ಮೇಲೆ ಕೂರಿಸಿದರು. ಆಮೇಲೆ ಅದು ನನ್ನ ಜಾಗವೇ ಆಯಿತು.

ಅಕ್ಕನಂಥ ಅಂಜುಬುರುಕಿಯನ್ನು ನಾನು ಬೇರೆ ಕಂಡಿಲ್ಲ. ನಾನು ಊಟ ಮುಗಿಸಿ ಹೊರಟರೆ, ಶರಾವತಿ ಸೇತುವೆ ದಾಟುವಾಗ ಬಸ್ಸಿನ ಬಾಗಿಲ ಹತ್ತಿರ ನಿಲ್ಲಬೇಡ ಎಂದು ದಿನಾ ಹೇಳುತ್ತಿದ್ದರು. ಮೀನಿನ ಮುಳ್ಳಿಗೆ ಹೆದರುತ್ತಿದ್ದರು, ಬೇರೆಯವರ ಗಂಟಲಿನ ಸಲುವಾಗಿ. ಬಾವಿಕಟ್ಟೆಯ ಮೇಲೆ ಯಾರೂ ಕೂರುವಂತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಗ್ಯಾಸಿಗೆ ಹೆದರುತ್ತಿದ್ದರು. ಬಹಳ ಹಿಂದೆ ಭಟ್ಕಳದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ ಸಿಲಿಂಡರ್ ಹೊತ್ತಿಕೊಂಡು ಕೈ ಸುಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವರು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಆ ಹೋಟೆಲ್ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಊರಿನ ಖಾನಾವಳಿಗಳಿಗೆಲ್ಲ ಸಿಲಿಂಡರ್ ಬಂದರೂ ಇವರ ಮನೆಯಲ್ಲಿ ಮಾತ್ರ ಸೌದೆಯೇ ಉರಿಯುತ್ತಿತ್ತು.

ಅವರ ಯಜಮಾನರನ್ನು ನಾವು ಭಾವ ಎನ್ನುತ್ತಿದ್ದೆವು. ಬಡಕಲು ದೇಹ, ಮೆತ್ತನೆಯ ಮಾತು. ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಊಟದ ದುಡ್ಡು ತೆಗೆದುಕೊಳ್ಳುವುದು, ತಟ್ಟೆ ತೊಳೆಯುವುದು ಅವರ ಕೆಲಸ. ಅವರಿಗೆ ದಮ್ಮು ಇತ್ತು. ಒಲೆ ಹೊಗೆಯಾಡತೊಡಗಿದರೆ ಭಾವ ಎದ್ದು ಓಣಿಯ ಆಚೆ ಹೋಗಿ, ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂರುತ್ತಿದ್ದರು. ಉಂಡವರು ಅಲ್ಲಿಗೇ ಹೋಗಿ ದುಡ್ಡು ಕೊಟ್ಟು ಬರುತ್ತಿದ್ದರು.

ನಾವು ಕೊನೆಯ ವರ್ಷಕ್ಕೆ ಬಂದಾಗ ವಿಶ್ವವಿದ್ಯಾಲಯದಿಂದ ಕಾಲೇಜುಗಳಿಗೆಲ್ಲ ಒಂದು ಸುತ್ತೋಲೆ ಬಂತು. ಹೊಗೆಯಿಲ್ಲದ, ಶುದ್ಧ ಇಂಧನದಿಂದ ಏನು ಉದ್ಯಮ ನಡೆಸಬಹುದು ಎಂದು ವಿದ್ಯಾರ್ಥಿಗಳು ಯೋಚಿಸಿ ತೋರಿಸಬೇಕು, ಅದಕ್ಕೊಂದು ಸ್ಪರ್ಧೆ. ಉದ್ಯಮ ಎನ್ನುವ ಶಬ್ದ ನಮ್ಮ ಬಾಯಲ್ಲಿ ಅಷ್ಟಾಗಿ ಇರಲಿಲ್ಲ. ನಮ್ಮ ಕಡೆ ಡಿಗ್ರಿ ಮುಗಿಸಿದವರು ಬಿ.ಎಡ್.ಗೆ ಹೋಗುತ್ತಿದ್ದರು, ಇಲ್ಲವೇ ಬ್ಯಾಂಕಿನ ಪರೀಕ್ಷೆಗೆ ಕೂರುತ್ತಿದ್ದರು. ನನ್ನ ಅಪ್ಪ ಬಿ.ಎಡ್. ಸೀಟಿಗಾಗಿ ಆಗಲೇ ಯಾರಲ್ಲೋ ಮಾತಾಡಿಟ್ಟಿದ್ದರು. ನನಗೆ ಪಾಠ ಹೇಳುವುದು ಬೇಡವಾಗಿತ್ತು. ಆದರೆ ಬೇರೆ ಏನು ಬೇಕು ಎಂದು ಹೇಳಲು ಬರುತ್ತಿರಲಿಲ್ಲ. ಗೆದ್ದವರಿಗೆ ವಿಶ್ವವಿದ್ಯಾಲಯವೇ ಒಂದು ವರ್ಷ ಜಾಗ, ಸಲಕರಣೆ ಕೊಟ್ಟು, ದಾರಿ ತೋರಿಸುವವರನ್ನೂ ಗೊತ್ತು ಮಾಡಿ ಉದ್ಯಮ ಶುರು ಮಾಡಿಸುತ್ತದೆ ಎಂದು ಸುತ್ತೋಲೆಯಲ್ಲಿತ್ತು. ಅದನ್ನು ಓದಿದ ದಿನದಿಂದ ನನಗೆ ಬೇರೆ ಯೋಚನೆಯೇ ಇಲ್ಲದಾಯಿತು.

ಗಣಪತಿಯ ತಲೆಯಲ್ಲಿ ಒಂದು ಗೋಬರ್ ಗ್ಯಾಸ್ ಇತ್ತು. ನೆಲ ಅಗೆದು ಕಟ್ಟುವಂಥದ್ದಲ್ಲ. ಒಂದು ದೊಡ್ಡ ಪ್ಲಾಸ್ಟಿಕ್ ಟ್ಯಾಂಕು, ಅದರೊಳಗೆ ಬೋರಲು ಹಾಕಿದ ಸ್ವಲ್ಪ ಸಣ್ಣ ಟ್ಯಾಂಕು. ಮೊದಲು ಸಗಣಿ ಹಾಕಿ ಹದಕ್ಕೆ ತಂದರೆ ಆಮೇಲೆ ಉಳಿದ ಅನ್ನ, ಗಂಜಿ ತಿಳಿ, ಮೀನಿನ ತಲೆ ಬಾಲಗಳಿಂದಲೇ ಗ್ಯಾಸು ಹುಟ್ಟುತ್ತದೆ. ಹುಟ್ಟಿದ ಹಾಗೆ ಮೇಲಿನ ಟ್ಯಾಂಕು ತೇಲಿ ಏಳುತ್ತದೆ. ಊಟದ ಮನೆಗಳಿಗೆ ಇದನ್ನು ಕೂರಿಸಿಕೊಟ್ಟು ನೋಡಿಕೊಳ್ಳುವುದೇ ನಮ್ಮ ಉದ್ಯಮ. ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಕಾಲೇಜಿನ ಹಿಂದೆ ಬಿದ್ದಿದ್ದ ಹಳೆಯ ಟ್ಯಾಂಕುಗಳನ್ನು ಕೊಡಿಸಿದರು. ತೊಡಕಿದ್ದದ್ದು ಒಂದೇ ನಿಯಮದಲ್ಲಿ. ಕಾಗದದ ಮೇಲೆ ಬರೆದರೆ ಸಾಲದು, ಒಬ್ಬ ನಿಜವಾದ ಗಿರಾಕಿ ಅದನ್ನು ಕೆಲವು ತಿಂಗಳು ಬಳಸಿರಬೇಕು. ತೀರ್ಪುಗಾರರು ಬಂದು ನೋಡುತ್ತಾರೆ.

ನಾವು ಹೊನ್ನಾವರದ ಹೋಟೆಲುಗಳನ್ನೆಲ್ಲ ಸುತ್ತಿದೆವು. ವಾಸನೆ ಬರುತ್ತದೆ ಎಂದವರು ಕೆಲವರು, ಹುಡುಗರ ಆಟಕ್ಕೆ ಅಡುಗೆಮನೆ ಕೊಡುವುದಿಲ್ಲ ಎಂದವರು ಕೆಲವರು. ಕೊನೆಗೆ ಗಣಪತಿ ತಡೆಯಲಾರದೆ ಅಕ್ಕನ ಹತ್ತಿರ ಬಾಯಿ ಬಿಟ್ಟ. ಗ್ಯಾಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ಕ ಸೌಟು ಕೆಳಗಿಟ್ಟು ಹಿತ್ತಲಿಗೆ ಹೋದರು. ಮುಂದೆ ಕೆಲವು ದಿನ, ಅನ್ನ ಹಾಕ್ಲಾ ಎನ್ನುವುದು ಬಿಟ್ಟು ನಮ್ಮೊಡನೆ ಬೇರೆ ಮಾತಿಲ್ಲ.

ಆಷಾಢದ ಮಳೆ ಹಿಡಿದುಕೊಂಡಿತ್ತು. ಸೌದೆಯೆಲ್ಲ ಒದ್ದೆ. ಒಂದು ಮಧ್ಯಾಹ್ನ ಖಾನಾವಳಿಯ ಒಳಗೆ ಎದುರಿಗೆ ಕೂತವರ ಮುಖ ಕಾಣದಷ್ಟು ಹೊಗೆ ತುಂಬಿತು. ಹೊಲಿಗೆ ಅಂಗಡಿ ಅಂದು ಬಾಗಿಲು ಹಾಕಿತ್ತು. ಕಟ್ಟೆಯ ಮೇಲೆ ಎರಚಲು ಹೊಡೆಯುತ್ತಿತ್ತು. ಭಾವ ಓಣಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಉಸಿರೆಳೆದಾಗೆಲ್ಲ ಅವರ ಹೆಗಲು ಮೇಲೇಳುತ್ತಿತ್ತು, ಅದರೊಡನೆ ಕೊಡೆಯೂ. ಅಕ್ಕ ಊದುಗೊಳವೆ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ಆ ಕೊಡೆಯನ್ನು ನೋಡುತ್ತ ನಿಂತರು. ಆಮೇಲೆ ಒಳಗೆ ಬಂದು ನನ್ನ ಮಣೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು.

"ತಂಗಿ, ನಿಮ್ಮ ಆ ಗೋಬರ್ ಗ್ಯಾಸಿಗೆ ಹೊಗೆ ಇಲ್ಲಾ ಹೇಳಿದ್ಯಲ, ಖರೇನಾ?"

"ಖರೆ ಅಕ್ಕ."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ."

ಅವರು ಬಲಗೈಯನ್ನು ಎಡಗೈಯಿಂದ ಒಮ್ಮೆ ಸವರಿಕೊಂಡರು. "ಹಾಗಾರೆ ತಂದು ಇಡಿ. ಆದ್ರೆ ನಂಗೆ ಹೆದ್ರಿಕೆ ಆತದೆ, ಅದು ನಿಮ್ಗೆ ಗೊತ್ತಿರ್ಲಿ. ಇಟ್ಟ ಮೇಲೂ ನಾ ಹೆದ್ರೂದು ಬಿಡೂದಿಲ್ಲ."

ಮಾತಿಗೆ ತಪ್ಪಲಿಲ್ಲ ಅವರು. ಟ್ಯಾಂಕು ಬಾವಿಯಿಂದ ದೂರ, ಹಿತ್ತಲಿನ ಮೂಲೆಯಲ್ಲಿ ಕೂತಿತು. ಅದು ಕೂತ ದಿನವೇ ಅಡುಗೆಮನೆಯ ಹಿಂಬಾಗಿಲನ್ನು ಕೀಲಿನಿಂದ ಬಿಡಿಸಿ ಅಟ್ಟಕ್ಕೆ ಹಾಕಿಸಿದರು. ಗಾಳಿಗೆ ಅಡ್ಡ ಇರಬಾರದು ಎಂದು. ಒಂದು ಬಾಲ್ದಿ ಮರಳು, ಒದ್ದೆ ಮಾಡಿದ ಗೋಣಿಚೀಲ ಯಾವಾಗಲೂ ಪಕ್ಕದಲ್ಲಿರುತ್ತಿದ್ದವು. ಬೀಡಿ ಸೇದುವ ಡ್ರೈವರುಗಳು ಓಣಿಯ ತುದಿಯಲ್ಲೇ ಬೀಡಿ ಆರಿಸಿ ಬರಬೇಕಾಯಿತು. ಕೆಲವು ಹೆದರಿಕೆಗಳಿಗೆ ತಲೆಬುಡ ಇರಲಿಲ್ಲ. ಉಪ್ಪಿನಕಾಯಿ ಭರಣಿಯೊಳಗೆ ಗ್ಯಾಸು ಹೋಗಿ ಕೂತಿರುತ್ತದೆ ಎಂದು ಅದರ ಮುಚ್ಚಳವನ್ನು ಹಿತ್ತಲಿಗೆ ಒಯ್ದು ತೆಗೆಯುತ್ತಿದ್ದರು. ಗಣಪತಿ ವಿಜ್ಞಾನ ಹೇಳಲು ಹೋದರೆ ಎಲ್ಲ ಕೇಳಿಕೊಂಡು, ಆತು ಎಂದು ತಲೆಯಾಡಿಸಿ, ಮತ್ತೆ ಭರಣಿ ಹಿಡಿದುಕೊಂಡು ಹಿತ್ತಲಿಗೇ ಹೋಗುತ್ತಿದ್ದರು.

ಮೊದಮೊದಲು ಬಂದ ಗ್ಯಾಸು ಉರಿಯಲೇ ಇಲ್ಲ. ಅದು ಹಾಗೆಯೇ, ಹೊರಗೆ ಬಿಟ್ಟುಬಿಡಬೇಕು ಎಂದು ಮೇಷ್ಟ್ರು ಹೇಳಿದ್ದರೂ ನಮಗೆ ಜೀವ ಹಾರಿಹೋಗಿತ್ತು. ಗಣೇಶನ ಹಬ್ಬ ಕಳೆದ ಮೇಲೆ ಒಂದು ದಿನ ಬರ್ನರಿನ ಸುತ್ತ ಭುಸ್ ಎಂದಿತು. ಅಕ್ಕ ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ಇಣುಕಿದರು.

"ಎಲ್ಲದೆ ಬೆಂಕಿ? ನಂಗೆ ಕಾಣೂದೇ ಇಲ್ಲಲ."

ಹಗಲಿನ ಬೆಳಕಿನಲ್ಲಿ ಆ ತೆಳು ನೀಲಿ ಉರಿ ನಿಜಕ್ಕೂ ಕಾಣುತ್ತಿರಲಿಲ್ಲ. ಕಾಣದ ಬೆಂಕಿ ಎಂದ ಮೇಲೆ ಅವರ ಹೆದರಿಕೆ ಇನ್ನೂ ಹೆಚ್ಚಾಯಿತು. ಕಿಟಕಿಗೆ ಗೋಣಿ ಕಟ್ಟಿ ಕತ್ತಲು ಮಾಡಿಕೊಂಡು, ಉರಿ ಕಣ್ಣಿಗೆ ಕಂಡ ಮೇಲೆಯೇ ಪಾತ್ರೆ ಇಡುತ್ತಿದ್ದರು. ಅನ್ನಕ್ಕೆ, ಸಾರಿಗೆ ಗ್ಯಾಸು. ಅದು ಮುಗಿದರೆ ಮೀನು ಹುರಿಯಲು ಸ್ವಲ್ಪ ಸೌದೆ. ಅಷ್ಟಕ್ಕೇ ಹೊಗೆ ಎಷ್ಟೋ ಇಳಿಯಿತು. ಭಾವ ಬಾಗಿಲ ಪಕ್ಕದ ಮೇಜನ್ನು ಬಿಟ್ಟೇಳುವುದು ಅಪರೂಪವಾಯಿತು.

ನನ್ನ ಹೆದರಿಕೆ ಶುರುವಾದದ್ದು ಆಮೇಲೆ. ಅಲ್ಲಿಯವರೆಗೆ ಸ್ಪರ್ಧೆ ಸೋತರೆ ಎಂಬ ಒಂದೇ ಚಿಂತೆ. ಈಗ ಅಕ್ಕನ ಜೀವ, ಅಷ್ಟು ಜನರ ಊಟ, ಎಲ್ಲವೂ ನಾವು ಸೀಲು ಮಾಡಿದ ಒಂದು ಪೈಪಿನ ತುದಿಯಲ್ಲಿ ನೇತಾಡುತ್ತಿರುವ ಹಾಗಿತ್ತು. ಬೆಳಿಗ್ಗೆ ಬಸ್ಸು ಸ್ಟ್ಯಾಂಡಿಗೆ ತಿರುಗುವಾಗ ನಾನು ಮೊದಲು ನೋಡುತ್ತಿದ್ದದ್ದು ಖಾನಾವಳಿಯ ಹಂಚಿನ ಮಾಡು ಇದೆಯೋ ಇಲ್ಲವೋ ಎಂದು. ಕ್ಲಾಸಿನಲ್ಲಿ ಕೂತಾಗ ಹೊರಗೆ ಯಾರಾದರೂ ಓಡಿದ ಸದ್ದಾದರೆ ಬರೆಯುವುದು ನಿಲ್ಲಿಸಿ ಕಿಟಕಿಯತ್ತ ನೋಡುತ್ತಿದ್ದೆ. ಇದನ್ನು ಗಣಪತಿಗೆ ಹೇಳಲಿಲ್ಲ. ಅವನೂ ನನಗೆ ಹೇಳದೆ ಹೆದರಿಕೊಂಡಿದ್ದನೆಂದು, ದಿನಾ ಕಾಲೇಜಿಗಿಂತ ಮೊದಲೇ ಖಾನಾವಳಿಗೆ ಹೋಗಿ ಪೈಪಿಗೆಲ್ಲ ಸಾಬೂನು ನೀರು ಹಚ್ಚಿ ನೋಡುತ್ತಿದ್ದನೆಂದು ಎಷ್ಟೋ ಕಾಲದ ಮೇಲೆ ತಿಳಿಯಿತು.

ತೀರ್ಪುಗಾರರು ಬರುವುದು ಡಿಸೆಂಬರಿನಲ್ಲಿ ಎಂದಾಯಿತು. ಅದಕ್ಕೆ ಸ್ವಲ್ಪ ದಿನ ಮೊದಲು ಯಾರದೋ ಮದುವೆ ಮನೆಯ ಅನ್ನ ಹೆಚ್ಚಾಗಿ ಟ್ಯಾಂಕಿಗೆ ಬಿದ್ದು ಒಳಗೆಲ್ಲ ಹುಳಿಯಾಯಿತು. ಮೇಲಿನ ಟ್ಯಾಂಕು ಏಳುತ್ತಿತ್ತು, ಗ್ಯಾಸು ಉರಿಯುತ್ತಿರಲಿಲ್ಲ. ಸುಣ್ಣದ ನೀರು, ಹೊಸ ಸಗಣಿ ಹಾಕಿ ಕಾದೆವು. ಅಕ್ಕ ಮತ್ತೆ ಸೌದೆ ಹೊತ್ತಿಸಿದರು, ಭಾವ ಮತ್ತೆ ಕಟ್ಟೆಗೆ ಹೋದರು. ಅಕ್ಕ ನಮ್ಮನ್ನು ಒಂದು ಮಾತೂ ಬಯ್ಯಲಿಲ್ಲ. ಹಿತ್ತಲಿಗೆ ಹೋದಾಗೆಲ್ಲ ಟ್ಯಾಂಕಿನ ಮೇಲೆ, ಜ್ವರ ಬಂದವರ ಹಣೆ ಮುಟ್ಟುವ ಹಾಗೆ ಕೈಯಿಟ್ಟು ಬರುತ್ತಿದ್ದರು. ತೀರ್ಪುಗಾರರು ಬರುವ ಹಿಂದಿನ ದಿನವಷ್ಟೇ ಉರಿ ಮತ್ತೆ ಸರಿಯಾಗಿ ಹತ್ತಿತು.

ಬಂದವರು ಇಬ್ಬರು. ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕಿ, ಮತ್ತು ಹುಬ್ಬಳ್ಳಿಯಲ್ಲಿ ಪಂಪು ತಯಾರಿಸುವ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬ ಹಿರಿಯರು. ಟ್ಯಾಂಕು ನೋಡಿದರು, ಒಲೆ ನೋಡಿದರು, ಬಹಳ ಕೇಳಿದರು. ಗಣಪತಿ ಚೆನ್ನಾಗಿ ಉತ್ತರಿಸಿದ. ಊಟದ ಹೊತ್ತಾಗಿತ್ತು, ಇಲ್ಲೇ ಉಣ್ಣುತ್ತೇವೆ ಎಂದು ಅವರೇ ಹೇಳಿದಾಗ ನನಗೆ ಅರ್ಧ ಗೆದ್ದಂತೆ ಅನಿಸಿತು. ಹಿರಿಯರು ಮೀನು ತಿನ್ನದವರಾದ್ದರಿಂದ ಅಕ್ಕ ಅವರಿಗೆ ಬೇರೆ ತಟ್ಟೆಯಲ್ಲಿ ಅನ್ನ, ಕೋಕಂ ಸಾರು ಬಡಿಸಿದರು. ಬೆಂಚುಗಳೆಲ್ಲ ತುಂಬಿದ್ದವು.

ನಾನು ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದೆ. ಅಕ್ಕ ಸೌಟು ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಮೂಗು ಅರಳಿಸಿದ್ದು ಕಂಡಿತು. ಒಲೆಯ ಕಿವಿ ತಿರುಗಿಸಿ ಆರಿಸಿದರು, ಸೌದೆಯ ಮೇಲೆ ಬಾಲ್ದಿ ಮರಳನ್ನು ಸುರಿದರು. ಆಮೇಲೆ ಮುಂದಿನ ಕೋಣೆಗೆ ಹೋಗಿ, ಕೂಗದೆ, ಬಡಿಸುವಾಗಿನ ದನಿಯಲ್ಲೇ ಹೇಳಿದರು.

"ಎಲ್ರೂ ಏಳಿ. ತಟ್ಟೆ ಬಿಡಿ. ಹೊರಗೆ ಹೋಗಿ."

ಒಬ್ಬಿಬ್ಬರು ನಕ್ಕರು. ಅಕ್ಕ ಹತ್ತಿರದವರ ರಟ್ಟೆ ಹಿಡಿದು ಎಬ್ಬಿಸಿದರು. ಮೊದಲು ಭಾವನನ್ನು ಬಾಗಿಲಿಂದಾಚೆ ದೂಡಿದರು, ಆಮೇಲೆ ಡ್ರೈವರುಗಳನ್ನು, ಆಮೇಲೆ ನಮ್ಮ ತೀರ್ಪುಗಾರರನ್ನು. ಪ್ರಾಧ್ಯಾಪಕಿ ಚಪ್ಪಲಿ ಹುಡುಕುತ್ತಿದ್ದರೆ ಅದಕ್ಕೂ ಬಿಡಲಿಲ್ಲ. ಎಲ್ಲರೂ ಅನ್ನ ಮೆತ್ತಿದ ಕೈ ಎತ್ತಿ ಹಿಡಿದುಕೊಂಡು ಓಣಿಯ ಬಿಸಿಲಿನಲ್ಲಿ ನಿಂತರು. ಅಕ್ಕ ಎಲ್ಲರಿಗಿಂತ ಕೊನೆಗೆ ಬಂದರು.

ಗಣಪತಿ ಹಿತ್ತಲ ಕಡೆಯಿಂದ ಹೋಗಿ ಪೈಪಿನ ಕೂಡುಗಳಿಗೆಲ್ಲ ಸಾಬೂನು ನೀರು ಹಚ್ಚಿದ. ಎಲ್ಲಿಯೂ ಒಂದು ಗುಳ್ಳೆ ಏಳಲಿಲ್ಲ. ಮತ್ತೆ ಹಚ್ಚಿದ. ಏನೂ ಇಲ್ಲ. ಬೆಳಿಗ್ಗೆ ಟ್ಯಾಂಕಿನ ಬಾಯಿಗೆ ಸುರಿದಿದ್ದ ಮೀನಿನ ಕಸ ಹೊರಗೆ ಚೆಲ್ಲಿಕೊಂಡಿತ್ತು. ಗಾಳಿ ತಿರುಗಿದಾಗ ಅದರ ನಾತ ಒಳಗೆ ಬಂದಿತ್ತು, ಅಷ್ಟೇ.

ನಾನು ಹುಬ್ಬಳ್ಳಿಯ ಹಿರಿಯರ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ಕೆಲವರು ಗೊಣಗಿಕೊಂಡು ಬಸ್ಸಿಗೆ ಹೊರಟುಹೋದರು. ಅಕ್ಕ ಉಳಿದವರಿಗೆ ಹೊಸ ತಟ್ಟೆ ಹಾಕಿ ಮೊದಲಿನಿಂದ ಬಡಿಸತೊಡಗಿದರು. ಹಿರಿಯರು ಕೈ ತೊಳೆದುಕೊಂಡು ಬಂದು ಅವರ ಎದುರು ನಿಂತರು.

"ಏನೂ ಇರಲಿಲ್ಲಲ್ರೀ ಬಾಯಾರ?"

"ಇಲ್ದೇ ಇದ್ದದ್ದು ಒಳ್ಳೇದೇ ಆತು," ಎಂದರು ಅಕ್ಕ.

"ನಾಳೆ ಮತ್ತ ಹಿಂಗ ವಾಸನಿ ಬಂದ್ರ?"

"ನಾಳೆನೂ ಎಬ್ಬಿಸ್ತೆ."

ಆದರೂ ವಿಶ್ವವಿದ್ಯಾಲಯದಿಂದ ಅಂತಿಮ ಸುತ್ತಿಗೆ ಕರೆ ಬಂತು. ಘಟ್ಟ ಹತ್ತಿ ಹೋಗುವ ದಿನ ಅಕ್ಕ ಚಪಾತಿ, ಒಣ ಸಿಗಡಿ ಚಟ್ನಿ ಕಟ್ಟಿಕೊಟ್ಟರು. ಬಸ್ಸಿನ ಕಿಟಕಿಯ ಕೆಳಗೆ ನಿಂತು, ಘಟ್ಟದ ತಿರುವಿನಲ್ಲಿ ತಲೆ ಹೊರಗೆ ಹಾಕಬೇಡ ಎಂದರು. ಬಸ್ಸು ಹೊರಡುವಾಗ, ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳು ಎಂದರು.

ದೊಡ್ಡ ಸಭಾಂಗಣ, ಎದುರಿಗೆ ಉದ್ದ ಮೇಜು. ನಮಗಿಂತ ಮೊದಲು ಬಂದವರು ಗಾಳಿಯಂತ್ರದ ಬಣ್ಣಬಣ್ಣದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡಿದ್ದರು. ಆಮೇಲೆ ನಮ್ಮ ಸರದಿ. ಗಣಪತಿ ಲೆಕ್ಕ, ನಕಾಶೆ ಎಲ್ಲ ವಿವರಿಸಿದ. ಕೊನೆಯಲ್ಲಿ ಹುಬ್ಬಳ್ಳಿಯ ಹಿರಿಯರು ನನ್ನ ಕಡೆ ತಿರುಗಿದರು. ನಿಮ್ಮ ಗಿರಾಕಿಗೇ ನಿಮ್ಮ ಯಂತ್ರದ ಮೇಲೆ ನಂಬಿಕೆಯಿಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದರು.

ಅವರಿಗೆ ನಂಬಿಕೆ ಇಲ್ಲದ್ದು ನಿಜ ಎಂದೆ. ದಿನಾ ಮೂಸಿ ನೋಡುತ್ತಾರೆ, ದಿನಾ ಮರಳು ಇಟ್ಟುಕೊಳ್ಳುತ್ತಾರೆ, ಆದರೂ ಒಂದು ದಿನವೂ ಬೇಡ ಎಂದಿಲ್ಲ ಎಂದೆ. ಅಂದಿನ ಗಲಾಟೆಯಾದ ಮೇಲೆ ನಾವು ಮುಖ್ಯ ವಾಲ್ವನ್ನು ಗೋಡೆಯ ಹೊರಗೆ ಹಾಕಿದ್ದೇವೆ, ಇನ್ನು ಮುಂದೆ ಎಲ್ಲರಿಗೂ ಹಾಗೆಯೇ ಮಾಡುತ್ತೇವೆ, ಏಕೆಂದರೆ ಓಡಿದವರು ಆರಿಸಲು ಒಳಗೆ ವಾಪಸು ಬರುವಂತಾಗಬಾರದು ಎಂದೆ. ಇನ್ನೂ ಏನೋ ಹೇಳಬೇಕಿತ್ತು, ಹೊತ್ತು ಮುಗಿದಿತ್ತು.

ಮೊದಲ ಬಹುಮಾನ ಗಾಳಿಯಂತ್ರಕ್ಕೆ ಹೋಯಿತು. ನಮಗೆ ಸಮಾಧಾನಕರ ಬಹುಮಾನವೆಂದು ಒಂದು ಫಲಕ. ಜಾಗವಿಲ್ಲ, ಸಲಕರಣೆಯಿಲ್ಲ. ಪ್ರಾಧ್ಯಾಪಕಿ ನಮ್ಮನ್ನು ಪಕ್ಕಕ್ಕೆ ಕರೆದು, ಯಂತ್ರದ ಬಗ್ಗೆ ಯಾರ ತಕರಾರೂ ಇರಲಿಲ್ಲ, ಊಟಕ್ಕೆ ಕೂತವರನ್ನು ಎಬ್ಬಿಸಿ ಓಡಿಸುವಂಥ ವಸ್ತುವನ್ನು ಮಾರುವುದು ಹೇಗೆ ಎಂಬಲ್ಲಿಗೆ ಸಮಿತಿಯ ಮಾತು ನಿಂತಿತು ಎಂದು ಬೇಸರದಿಂದಲೇ ಹೇಳಿದರು.

ವಾಪಸು ಬಂದು ಖಾನಾವಳಿಗೆ ಹೋದಾಗ ಊಟದ ಹೊತ್ತು ಕಳೆದಿತ್ತು. ಅಕ್ಕ ಎಲ್ಲ ಕೇಳಿಸಿಕೊಂಡರು.

"ನಾ ಅವ್ರನ್ನ ಎಬ್ಬಿಸಿದ್ದಕ್ಕೆ ಹೋತಾ?"

ಹಾಗೇನಿಲ್ಲ ಎಂದು ಗಣಪತಿ ಅವಸರದಿಂದ ಅಂದ. ಅಕ್ಕ ನನ್ನ ಕಡೆ ನೋಡಿದರು. ನಾನು ಫಲಕವನ್ನು ಚೀಲದೊಳಗೆ ಹಾಕಿದೆ. ಅವರು ಎದ್ದು ಒಳಗೆ ಹೋದರು. ಮರುದಿನದ ಮೀನು ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಡ್ರೈವರುಗಳೂ ಸುಮ್ಮನೆ ಉಂಡು ಎದ್ದರು.

ಅಪ್ಪ ಬಿ.ಎಡ್. ಮಾತನ್ನು ಮತ್ತೆ ಎತ್ತಿದ್ದರು. ನಾನೂ ಹೂಂ ಎಂದಿದ್ದೆ. ಹಾಗಿರುವಾಗ ಒಂದು ಶನಿವಾರ ಅಕ್ಕ ಬಡಿಸುತ್ತ ಬಡಿಸುತ್ತ, ನಾಳೆ ಕುಮಟೆಗೆ ಹೋಗ್ವ, ಬೆಳಿಗ್ಗೆ ಬಾ ಎಂದರು. ಎಂತಕೆ ಎಂದರೆ ಹೇಳಲಿಲ್ಲ.

ಕುಮಟೆಯಲ್ಲಿ ಅವರ ಪರಿಚಯದ ಒಬ್ಬ ಹೆಂಗಸು ಊಟದ ಮನೆ ನಡೆಸುತ್ತಿದ್ದರು. ಅವರ ಅಡುಗೆಮನೆಯಲ್ಲಿ ಕೂತು ಅಕ್ಕ ನಮ್ಮ ಗೋಬರ್ ಗ್ಯಾಸಿನ ವಿಷಯ ತೆಗೆದರು. ಶುರು ಮಾಡಿದ್ದೇ ಅದರ ಅಪಾಯಗಳಿಂದ. ಉರಿ ಕಣ್ಣಿಗೆ ಕಾಣುವುದಿಲ್ಲ, ವಾಸನೆ ಬಂದರೆ ಉಣ್ಣುವವರನ್ನು ಎಬ್ಬಿಸಬೇಕಾಗುತ್ತದೆ, ಹಿಂಬಾಗಿಲು ಕೀಳಬೇಕಾಗುತ್ತದೆ, ಒಮ್ಮೊಮ್ಮೆ ಹುಳಿಯಾಗಿ ಕೈಕೊಡುತ್ತದೆ. ನಾನು ನಡುವೆ ಬಾಯಿ ಹಾಕಲು ನೋಡಿದೆ, ಬಿಡಲಿಲ್ಲ. ಕೊನೆಗೆ ಬಲಗೈ ಚಾಚಿ ತೋರಿಸಿ, ಬೆಂಕಿ ಎಂದರೆ ಇದು ಎಂದರು. ಆ ಹೆಂಗಸಿನ ಮುಖ ಬಾಡಿತು. ಇಷ್ಟು ಕೇಳಿದ ಮೇಲೆ ಹೆದರಿಕೆಯಾಗುತ್ತದೆ ಎಂದರು.

"ಹೆದ್ರಿಕೆ ಬಂತಾ? ಹಾಗಾರೆ ನೀ ತಕೋ. ಇದು ಹೆದ್ರಿಕೆ ಇದ್ದವ್ರಿಗೇ ಸೈ. ಇಲ್ದವ್ರಿಗೆ ನಾ ಹೇಳೂದೂ ಇಲ್ಲ."

ಮತ್ತೆ ದನಿ ತಗ್ಗಿಸಿ, ಗಣೇಶನ ಹಬ್ಬ ಕಳೆದ ಮೇಲಿನ ಮಳೆಗೆ ನಮ್ಮವರು ಮನೆಯೊಳಗೇ ಕೂತು ಉಂಡರು ಎಂದರು. ಅವರು ಒಲೆಯ ಬಗ್ಗೆ ಹೇಳಿದ ಒಳ್ಳೆಯ ಮಾತು ಅದೊಂದೇ. ಬೇಸಿಗೆ ಬರುವ ಮೊದಲು ಕುಮಟೆಯಲ್ಲಿ ನಮ್ಮ ಎರಡನೆಯ ಟ್ಯಾಂಕು ಕೂತಿತು.

ಆಮೇಲೆ ಹಿರೇಗುತ್ತಿ, ಆಮೇಲೆ ಮಂಕಿ. ಅಪ್ಪ ತಾನಾಗಿಯೇ ಬಿ.ಎಡ್. ಮಾತು ಬಿಟ್ಟರು. ಭಟ್ಕಳದ ಹತ್ತಿರದ ಜಾಲಿಯಲ್ಲಿ ಭಾವನ ಕಡೆಯವರೊಬ್ಬರು ಸಣ್ಣ ಹೋಟೆಲು ಇಟ್ಟಿದ್ದರು. ಅಲ್ಲಿಗೆ ನಾನೊಬ್ಬಳೇ ಹೋಗುತ್ತೇನೆಂದೆ. ಅಕ್ಕ ಕೈ ಸುಟ್ಟುಕೊಂಡ ಮೇಲೆ ಭಟ್ಕಳದ ದಾರಿ ತುಳಿದವರಲ್ಲ ಎಂದು ಭಾವ ಹೇಳಿದ್ದರು. ಆದರೂ ಅಕ್ಕ ಸೀರೆ ಬದಲಿಸಿ ಬಂದು ಬಸ್ಸಿನಲ್ಲಿ ನನ್ನ ಪಕ್ಕ ಕೂತರು. ಮುರ್ಡೇಶ್ವರ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡವರು ಬಿಡಲಿಲ್ಲ.

ಭಟ್ಕಳದಲ್ಲಿ ಇಳಿದು ಪೇಟೆಯಲ್ಲಿ ನಡೆಯುವಾಗ ಒಂದು ಬಟ್ಟೆ ಅಂಗಡಿಯ ಎದುರು ನಿಂತರು. ಬಾಗಿಲಲ್ಲಿ ಮಕ್ಕಳ ಹಸಿರು ಅಂಗಿಗಳನ್ನು ತೂಗುಹಾಕಿದ್ದರು. ಹೋಟೆಲು ಇದ್ದದ್ದು ಇಲ್ಲೇ ಎಂದರು. ತಮ್ಮೊಡನೆ ಕಾಯಿ ತುರಿಯುತ್ತಿದ್ದ ಜಾಲಿಯ ಒಂದು ಹುಡುಗಿಯ ವಿಷಯ ಹೇಳಿದರು. ಅವರಿಬ್ಬರೂ ಒಂದೇ ವಯಸ್ಸಿನವರಂತೆ, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರಂತೆ.

"ಗ್ಯಾಸ್ ವಾಸನೆ ಬತ್ತದೆ ಹೇಳಿ ನಾ ಹೇಳ್ದೆ ತಂಗಿ. ಊಟದ ಹೊತ್ತು, ಜನ ಕೂತಿದ್ದಾರೆ, ಆಮೇಲೆ ನೋಡ್ವ ಅಂದ್ರು. ಅಷ್ಟು ಜನ ಉಣ್ಣೂವಾಗ ಎಬ್ಬಿಸೂದು ಹೇಗೆ ಹೇಳಿ ನಾನೂ ಸುಮ್ನಾದೆ. ಆ ಹುಡುಗಿ ಒಳಗೇ ಇತ್ತು."

ಅಂಗಡಿಯವರು ಬನ್ನಿ ಎಂದು ಕರೆದರು. ಅಕ್ಕ ಬೇಡ ಎಂದು ಕೈಯಾಡಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಹೊತ್ತಾತು ನಡೆ ಎಂದರು. ಜಾಲಿಯ ಹೋಟೆಲಿನಲ್ಲಿ ಎಂದಿನ ಹಾಗೆ ಅಪಾಯಗಳಿಂದಲೇ ಶುರು ಮಾಡಿದರು. ಅವತ್ತು ನಾನು ನಡುವೆ ಬಾಯಿ ಹಾಕಲಿಲ್ಲ.

ಗಣಪತಿ ಮುಂದೆ ರೈಲ್ವೆಯಲ್ಲಿ ಕೆಲಸ ಸಿಕ್ಕಿ ಹೋದ. ನಾನು ಇದರಲ್ಲೇ ಉಳಿದೆ. ಹಾಸ್ಟೆಲು, ಊಟದ ಮನೆ, ಛತ್ರಗಳಿಗೆ ಟ್ಯಾಂಕು ಕೂರಿಸುವುದು, ಅವು ಕೈಕೊಟ್ಟಾಗ ಓಡಿಹೋಗುವುದು, ಇದೇ ನನ್ನ ಬದುಕಾಯಿತು. ಹೊಸಬರ ಮನೆಗೆ ಹೋದಾಗ ನಾನೂ ಮೊದಲು ಅಪಾಯಗಳನ್ನೇ ಹೇಳುತ್ತೇನೆ. ಕೆಲವರು ಬೇಡ ಎಂದು ಕಳಿಸಿದ್ದಾರೆ. ನಾನು ಕೂರಿಸಿದ ಯಾವ ಒಲೆಯಿಂದಲೂ ಇವತ್ತಿನವರೆಗೆ ಯಾರಿಗೂ ಏನೂ ಆಗಿಲ್ಲ ಎಂದು ಬರೆಯುವಾಗಲೂ ನನ್ನ ಕೈ ತಡೆಯುತ್ತದೆ. ಆ ತಡೆಯುವ ಕೈಯೇ ನನಗೆ ಅಕ್ಕನಿಂದ ಬಂದದ್ದು.

ಅಕ್ಕ ತೀರಿಕೊಂಡದ್ದು ಜ್ವರದಿಂದ. ಆ ಮಳೆಗಾಲ ನಮ್ಮ ಕಡೆ ಇಲಿಜ್ವರ ಜೋರಿತ್ತು. ಮೊದಲು ಮಾಮೂಲಿ ಜ್ವರವೆಂದು ಅಡುಗೆ ಮಾಡುತ್ತಲೇ ಇದ್ದರಂತೆ. ಮಣಿಪಾಲಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ ಹೋದರು. ಸುದ್ದಿ ತಿಳಿದಾಗ ನಾನು ಘಟ್ಟದ ಮೇಲೆ ಕೆಲಸದಲ್ಲಿದ್ದೆ. ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಿನ ಕಾರ್ಯಗಳೆಲ್ಲ ಕಳೆದ ಮೇಲೆ ಭಾವ ಫೋನು ಮಾಡಿ ಒಮ್ಮೆ ಬಂದು ಹೋಗು ಎಂದರು. ಖಾನಾವಳಿ ಮುಚ್ಚುತ್ತಾರೆ, ಟ್ಯಾಂಕು ಒಯ್ಯಲು ಹೇಳುತ್ತಾರೆ ಎಂದುಕೊಂಡು ಹೋದೆ. ಭಾವ ಬೆಂಚುಗಳನ್ನು ತೊಳೆದು ಬಿಸಿಲಿಗಿಟ್ಟಿದ್ದರು. ಕೆಲಸಕ್ಕೆ ಒಬ್ಬರನ್ನು ಗೊತ್ತು ಮಾಡಿದ್ದೇನೆ, ಮತ್ತೆ ಶುರು ಮಾಡಬೇಕು ಎಂದರು. ಆಮೇಲೆ ನಾಚಿಕೊಂಡವರಂತೆ ಹೇಳಿದರು.

"ನಂಗೆ ಆ ಒಲೆ ಹಚ್ಚೂಕೆ ಬರೂದಿಲ್ಲ ತಂಗಿ."

ನನಗೆ ನಂಬಲಾಗಲಿಲ್ಲ. ಅಷ್ಟು ವರ್ಷ ಅದೇ ಮನೆಯಲ್ಲಿ ಅದೇ ಒಲೆ ಉರಿದಿತ್ತು.

"ನಿಮ್ಮಕ್ಕ ನನ್ನ ಹತ್ರ ಬಿಟ್ರೆ ಅಲ್ದಾ. ಹಚ್ಚೂ ಹೊತ್ತಿಗೆ ಸರಿಯಾಗಿ, ಬೆಂಕಿಪೊಟ್ಟಣ ಮುಗೀತು, ಅಂಗಡಿಯಿಂದ ತಕಂಡು ಬನ್ನಿ ಹೇಳ್ತಿತ್ತು. ನಾ ಬರೂವಾಗ ಒಲೆ ಹೊತ್ತಿರ್ತಿತ್ತು. ದಿನಾ ಇದೇ. ನಂಗೆ ಗೊತ್ತಾಗೂದಿಲ್ಲ ಹೇಳಿ ಮಾಡ್ಕಂಡಿತ್ತು. ನಾನೂ ಗೊತ್ತಿಲ್ಲದ ಹಾಗೆ ಹೋಗಿ ಬತ್ತಿದ್ದೆ."

ಅವರು ಅಡುಗೆಮನೆಯ ಮೇಲಿನ ಹಲಗೆ ತೋರಿಸಿದರು. ಡಬ್ಬಿಗಳ ಹಿಂದೆ, ಗೋಡೆಯ ಉದ್ದಕ್ಕೂ, ಒಡೆಯದ ಬೆಂಕಿಪೊಟ್ಟಣಗಳು ಒಂದರ ಮೇಲೊಂದು ಜೋಡಿಸಿದ್ದವು.

ನಾನು ಹೊರಗಿನ ವಾಲ್ವು ಹೇಗೆ ತಿರುಗಿಸುವುದೆಂದು ತೋರಿಸಿದೆ. ಮೊದಲು ಕಡ್ಡಿ ಗೀರಬೇಕು, ಆಮೇಲೆ ಒಲೆಯ ಕಿವಿ ತಿರುಗಿಸಬೇಕು ಎಂದೆ. ಭಾವ ಹಲಗೆಯಿಂದ ಒಂದು ಪೊಟ್ಟಣ ತೆಗೆದರು. ಮಳೆಗಾಲದ ಥಂಡಿಗೆ ಕಡ್ಡಿಗಳು ಮೆತ್ತಗಾಗಿ ತಲೆ ಉದುರುತ್ತಿದ್ದವು. ಅವರು ಅವಸರ ಮಾಡದೆ ಒಂದಾದ ಮೇಲೊಂದು ಗೀರಿದರು. ಕೊನೆಗೆ ಒಂದು ಹತ್ತಿತು. ಬರ್ನರು ಭುಸ್ ಎಂದಾಗ ಅವರ ಕೈ ಒಮ್ಮೆ ಹಿಂದೆ ಸರಿಯಿತು. ಉರಿ ಸಮನಾದ ಮೇಲೆ ಚಹಾದ ಪಾತ್ರೆಗೆ ನಮ್ಮಿಬ್ಬರಿಗೆ ಆಗುವಷ್ಟು ನೀರು ಹಾಕಿ ಇಟ್ಟರು. ನೀರು ಕುದಿಯುವವರೆಗೆ ಒಲೆಯ ಹತ್ತಿರವೇ ಕೂತಿದ್ದರು. ಅವರು ಒಮ್ಮೆಯೂ ಕೆಮ್ಮಲಿಲ್ಲ.